ಅಜ್ಜಿಯ ತಿಥಿಗೆ ಮಕ್ಕಳ ಜೊತೆ ಮೂರು ದಿನ: ಶ್ರೀರಂಗಪಟ್ಟಣ, ಮೇಲುಕೋಟೆ, ಕೊಕ್ಕರೆಬೆಳ್ಳೂರು

ಅಮ್ಮನ ತಿಥಿ ಮಾಘ ಬಹುಳ ಪಂಚಮಿ. 2026ರಲ್ಲಿ ಅದು ಫೆಬ್ರವರಿ 6ರ ಶುಕ್ರವಾರ ಬಂತು. ತಿಥಿಯ ದಿನ ಗೊತ್ತುಮಾಡುವಾಗ ಬಹಳ ಜನ ಎಡವುವುದು ಒಂದೇ ಕಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದು ಸೂರ್ಯೋದಯಕ್ಕಿರುವ ತಿಥಿ. ಶ್ರಾದ್ಧಕ್ಕೆ ಬೇಕಾದ್ದು ಅಪರಾಹ್ನಕ್ಕಿರುವ ತಿಥಿ. ಎರಡಕ್ಕೂ ಕೆಲವೊಮ್ಮೆ ಒಂದು ದಿನದ ಅಂತರ ಬೀಳುತ್ತದೆ. ಆದ್ದರಿಂದ ಪಂಚಾಂಗದಲ್ಲಿ ತಿಥಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನೂ ನೋಡಿ, ಪುರೋಹಿತರನ್ನೂ ಕೇಳಿ, ಆಮೇಲೆ ಶಾಲೆಗೆ ರಜೆ ಚೀಟಿ ಬರೆಯಬೇಕು. ಈ ಸಲ ಗುರುವಾರ, ಶುಕ್ರವಾರ ಎರಡು ದಿನ ರಜೆ ಹಾಕಿದರೆ ಸಾಕಾಯಿತು. ಶನಿವಾರ ವಾಪಸು, ಭಾನುವಾರ ಮಕ್ಕಳಿಗೆ ನಿದ್ದೆ ತೀರಿಸಿಕೊಳ್ಳಲು ಬಿಡುವು.

ಹೊರಟದ್ದು ಎರಡು ಕಾರಿನಲ್ಲಿ. ನಮ್ಮ ಸಂಸಾರ, ಅಕ್ಕನ ಸಂಸಾರ, ಅಮ್ಮನ ತಂಗಿ, ಅಂದರೆ ಮಕ್ಕಳ ಬಾಯಲ್ಲಿ ಚಿಕ್ಕಜ್ಜಿ. ಮಕ್ಕಳು ಮೂವರು: ಐದು, ಎಂಟು ಮತ್ತು ಹನ್ನೆರಡು ವರ್ಷದವರು.

ಮಕ್ಕಳನ್ನು ಯಾರ ಮನೆಯಲ್ಲೋ ಬಿಟ್ಟು ದೊಡ್ಡವರಷ್ಟೇ ಹೋಗಿ ಕಾರ್ಯ ಮುಗಿಸಿ ಬರುವ ರೂಢಿ ಈಗ ಬಹಳ ಮನೆಗಳಲ್ಲಿದೆ. ಅಜ್ಜಿಯ ತೊಡೆಯ ಮೇಲೆ ಬೆಳೆದ ಮಕ್ಕಳನ್ನು ಅಜ್ಜಿಯ ತಿಥಿಗೇ ಹೊರಗಿಡುವುದು ಸರಿಯಲ್ಲ. ಅವರನ್ನು ಕರೆದುಕೊಂಡು ಹೋಗಬೇಕು, ಅವರ ಕೈಗೆ ಕೆಲಸ ಕೊಡಬೇಕು. ಆದರೆ ದಿನದ ಲೆಕ್ಕವನ್ನು ಅವರ ಹೊಟ್ಟೆ, ನಿದ್ದೆ ನೋಡಿಕೊಂಡೇ ಹಾಕಬೇಕು. ಕೆಳಗಿನದೆಲ್ಲ ಆ ಲೆಕ್ಕ.

ಮೊದಲನೆಯ ದಿನ, ಗುರುವಾರ

ಬೆಳಗ್ಗೆ ಆರೂವರೆಗೆ ಬೆಂಗಳೂರು ಬಿಟ್ಟೆವು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಶುರುವಾದ ಮೇಲೆ ಶ್ರೀರಂಗಪಟ್ಟಣ ಎರಡು ಗಂಟೆಯ ದಾರಿ. ಆದರೆ ಮಕ್ಕಳಿದ್ದಾಗ ಹೋಗುವ ದಿನ ಆ ರಸ್ತೆ ಹತ್ತದಿರುವುದೇ ಒಳ್ಳೆಯದು. ಅದು ರಾಮನಗರ, ಚನ್ನಪಟ್ಟಣ, ಮದ್ದೂರು ಯಾವ ಊರನ್ನೂ ಮುಟ್ಟದೆ ಪಕ್ಕದಲ್ಲೋ ಮೇಲಿಂದಲೋ ಹೋಗಿಬಿಡುತ್ತದೆ. ಮಗು ‘ಸೂಸು’ ಎಂದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ, ಇಳಿಯುವ ದಾರಿ ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ದೂರ. ಹಳೆಯ ರಸ್ತೆಯಲ್ಲಿ ಹೋದರೆ ಒಂದು ಗಂಟೆ ಜಾಸ್ತಿ, ಆದರೆ ಬಿಡದಿಯ ತಟ್ಟೆ ಇಡ್ಲಿ, ಜಾನಪದ ಲೋಕ, ಮದ್ದೂರು ವಡೆ ಎಲ್ಲ ಇರುವುದು ಅಲ್ಲೇ.

ರಾಮನಗರದ ಹತ್ತಿರದ ಜಾನಪದ ಲೋಕಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ತಲುಪಿದರೆ ಶಾಲಾ ಪ್ರವಾಸದ ಬಸ್ಸುಗಳು ಬರುವುದರೊಳಗೆ ನೋಡಿ ಮುಗಿಸಬಹುದು. ಮಂಗಳವಾರ ರಜೆ, ಅದು ನೆನಪಿರಲಿ. ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಕೂಡಿಹಾಕಿದ ವಸ್ತುಗಳು ಇಲ್ಲಿವೆ: ಬೀಸುವ ಕಲ್ಲು, ಒರಳು, ಒನಕೆ, ಕೂರಿಗೆ, ಕಣಜ, ಸೇರು, ಪಾವು, ತೊಟ್ಟಿಲು. ಹೆಸರು ಓದಿಸುತ್ತಾ ಸುತ್ತು ಹಾಕಿಸಿದರೆ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಬೇಸರ ಬರುತ್ತದೆ. ಅದಕ್ಕೆ ಬದಲು ಒಂದೇ ಪ್ರಶ್ನೆ ಕೊಟ್ಟೆವು: ಅಜ್ಜಿ ಚಿಕ್ಕವಳಿದ್ದಾಗ ಇದರಲ್ಲಿ ಯಾವುದನ್ನು ಕೈಯಲ್ಲಿ ಹಿಡಿದಿದ್ದಳು? ಉತ್ತರ ಗೊತ್ತಿದ್ದದ್ದು ಚಿಕ್ಕಜ್ಜಿಗೆ ಮಾತ್ರ. ಮಕ್ಕಳು ಒಂದೊಂದು ವಸ್ತುವಿನ ಮುಂದೆ ನಿಂತು ‘ಇದಾ, ಚಿಕ್ಕಜ್ಜಿ?’ ಎಂದು ಕೇಳುತ್ತಾ ಹೋದರು. ಬೀಸುವ ಕಲ್ಲಿನ ಮುಂದೆ ಚಿಕ್ಕಜ್ಜಿ ನಿಂತುಬಿಟ್ಟರು. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸುವುದು, ಮಧ್ಯದ ಬಾಯಿಗೆ ಒಬ್ಬರು ಎಡಗೈಯಲ್ಲಿ ಒಂದೊಂದೇ ಹಿಡಿ ರಾಗಿ ಹಾಕುವುದು, ಒಮ್ಮೆಗೇ ಜಾಸ್ತಿ ಹಾಕಿದರೆ ಹಿಟ್ಟು ತರಿಯಾಗಿ ಬೀಳುವುದು, ಎಲ್ಲವನ್ನೂ ಗಾಳಿಯಲ್ಲೇ ಕೈಯಾಡಿಸಿ ತೋರಿಸಿದರು. ಹನ್ನೆರಡರ ಹುಡುಗಿ ಅದನ್ನು ಫೋನಿನಲ್ಲಿ ಹಿಡಿದಿಟ್ಟಳು. ಇಂಥ ಕಡೆ ಫೋಟೋಗಿಂತ ವಿಡಿಯೋ ವಾಸಿ. ಕೈಯ ಓಡಾಟ, ಮಾತಿನ ಧಾಟಿ ಎರಡೂ ಉಳಿಯುತ್ತವೆ. ಒಂದೊಂದು ತುಣುಕು ಎರಡು ನಿಮಿಷ ದಾಟದಿದ್ದರೆ ಆಮೇಲೆ ಹುಡುಕುವುದು, ಕಳಿಸುವುದು ಸುಲಭ.

ಚನ್ನಪಟ್ಟಣದಲ್ಲಿ ಹತ್ತು ನಿಮಿಷ ನಿಂತು ಮರದ ಬುಗುರಿ ಕೊಂಡೆವು. ಆಲೆ ಮರದ ಮೈಗೆ ಅರಗಿನ ಬಣ್ಣ ಹಚ್ಚಿ ಮಾಡಿದ್ದು. ಮಾರನೆಯ ದಿನ ಕಾಯುವ ಹೊತ್ತಿನಲ್ಲಿ ಸದ್ದಿಲ್ಲದೆ ಆಡಲು ಇಂಥದೊಂದು ಬೇಕಾಗುತ್ತದೆ.

ಶ್ರೀರಂಗಪಟ್ಟಣಕ್ಕೆ ಮೂರು ಗಂಟೆಗೆ. ಉಳಿಯುವ ಕೋಣೆ ನೋಡುವಾಗ ನದಿಯ ನೋಟಕ್ಕಿಂತ ಕೇಳಬೇಕಾದ್ದು ಬೇರೆ: ಬೆಳಗ್ಗೆ ಐದೂವರೆಗೆ ಬಿಸಿನೀರು ಬರುತ್ತದೆಯೇ, ಒದ್ದೆ ಬಟ್ಟೆ ಒಣಹಾಕಲು ಜಾಗ ಇದೆಯೇ, ಮಂಡಿ ನೋವಿನವರಿಗೆ ನೆಲಮಹಡಿಯ ಕೋಣೆ ಸಿಗುತ್ತದೆಯೇ. ಸಂಜೆ ರಂಗನಾಥನ ದರ್ಶನ ಮುಗಿಸಿಕೊಂಡೆವು, ಶ್ರಾದ್ಧದ ದಿನ ದೇವಸ್ಥಾನಕ್ಕೆ ಹೋಗದ ಮನೆಗಳಿವೆ. ಕಾವೇರಿ ಎರಡು ಕವಲಾಗಿ ಸುತ್ತಿ ಮಾಡಿದ ದ್ವೀಪ ಇದು, ಇಲ್ಲಿಯವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ಶ್ರೀರಂಗದವನು ಅಂತ್ಯರಂಗ ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಿದರೆ ಎಂಟು ವರ್ಷದವರಿಗೆ ಚೆನ್ನಾಗಿ ಹಿಡಿಯುತ್ತದೆ.

ರಾತ್ರಿ ಮಲಗುವ ಮುಂಚೆ ಎರಡು ಕೆಲಸ. ಒಂದು, ಹೆಸರಿನ ಚೀಟಿ. ಗೋತ್ರ, ಅಮ್ಮನ ಹೆಸರು, ಅಪ್ಪನ ಅಮ್ಮನ ಹೆಸರು, ಅವರ ಅತ್ತೆಯ ಹೆಸರು. ಅಮ್ಮನ ಶ್ರಾದ್ಧದಲ್ಲಿ ಈ ಮೂರು ತಲೆಮಾರಿನ ಹೆಂಗಸರ ಹೆಸರು ಹೇಳಬೇಕು, ಮೂರನೆಯದಕ್ಕೆ ಬಂದಾಗ ಬಹಳ ಜನ ಬಾಯಿ ಕಟ್ಟಿ ಕೂರುತ್ತಾರೆ. ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಚೀಟಿಯನ್ನು ಮಕ್ಕಳ ಕೈಯಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿದೆವು.

ಎರಡನೆಯದು, ನಾಳೆ ಏನು ನಡೆಯುತ್ತದೆ ಎಂದು ಮಕ್ಕಳಿಗೆ ಹೇಳುವುದು. ಅಜ್ಜಿ ತೀರಿಹೋಗಿದ್ದಾರೆ, ಇನ್ನು ಬರುವುದಿಲ್ಲ, ಅವರನ್ನು ನೆನೆದು ನೀರು, ಎಳ್ಳು, ಅನ್ನ ಕೊಡುತ್ತೇವೆ: ಇಷ್ಟೇ ಮಾತು, ಇಷ್ಟೇ ನೇರವಾಗಿ. ‘ಅಜ್ಜಿ ಮಲಗಿದ್ದಾರೆ’ ಎಂದರೆ ಐದು ವರ್ಷದ ಮಗು ಮಲಗಲು ಹೆದರುತ್ತದೆ. ‘ದೂರದ ಊರಿಗೆ ಹೋಗಿದ್ದಾರೆ’ ಎಂದರೆ ಇಷ್ಟು ದೂರ ಬಂದದ್ದು ಅವರನ್ನು ನೋಡುವುದಕ್ಕೇ ಎಂದುಕೊಳ್ಳುತ್ತದೆ. ದೊಡ್ಡವರು ಅಳಬಹುದು, ಅತ್ತರೆ ಪರವಾಗಿಲ್ಲ ಎಂಬುದನ್ನೂ ಮುಂಚೆಯೇ ಹೇಳಿಡಬೇಕು. ಅಪ್ಪ ಅಳುವುದನ್ನು ಮೊದಲ ಸಲ ನೋಡುವ ಮಗು ಗಾಬರಿಯಾಗುತ್ತದೆ.

ಎರಡನೆಯ ದಿನ, ಶುಕ್ರವಾರ

ಶ್ರಾದ್ಧಕ್ಕೆ ಹೇಳಿದ ಹೊತ್ತು ಕುತಪ ಕಾಲ. ಹಗಲನ್ನು 15 ಭಾಗ ಮಾಡಿದರೆ 8ನೆಯದು. ಫೆಬ್ರವರಿ ಮೊದಲ ವಾರ ಶ್ರೀರಂಗಪಟ್ಟಣದಲ್ಲಿ ಅದು ಸುಮಾರು ಮಧ್ಯಾಹ್ನ 12:10ರಿಂದ 1 ಗಂಟೆಯವರೆಗೆ. ಆಮೇಲೆ ಪಿಂಡಪ್ರದಾನ, ಬ್ರಾಹ್ಮಣರ ಊಟ ಮುಗಿದು ಮನೆಯವರ ಎಲೆ ಹಾಕುವಾಗ ಎರಡೂವರೆ ದಾಟುತ್ತದೆ. ಶ್ರಾದ್ಧ ಮಾಡುವ ಕರ್ತೃ ಉಪವಾಸ ಇರುತ್ತಾನೆ, ಇರಲಿ. ಮಕ್ಕಳಿಗೆ ಉಪವಾಸ ಇಲ್ಲ, ಅದರಲ್ಲಿ ದೋಷವೂ ಇಲ್ಲ. ಏಳೂವರೆಗೆ ಇಡ್ಲಿ, ಹನ್ನೊಂದಕ್ಕೆ ಬಾಳೆಹಣ್ಣು, ಹನ್ನೆರಡೂವರೆಗೆ ಬೆಲ್ಲ ಕಾಯಿ ಹಾಕಿದ ಅವಲಕ್ಕಿ. ಮಕ್ಕಳು ಕಾರ್ಯದ ನಡುವೆ ರಚ್ಚೆ ಹಿಡಿಯುವುದಕ್ಕೆ ಮುಕ್ಕಾಲು ಪಾಲು ಕಾರಣ ಹಸಿವು.

ಪಶ್ಚಿಮವಾಹಿನಿಯೋ ಸಂಗಮವೋ ಎಂಬ ಪ್ರಶ್ನೆ ಬರುತ್ತದೆ. ಪಶ್ಚಿಮವಾಹಿನಿಯಲ್ಲಿ ಕಾವೇರಿ ತಿರುಗಿ ಪಡುವಣಕ್ಕೆ ಹರಿಯುತ್ತಾಳೆ, ಅಸ್ಥಿ ಬಿಡಲು ಹೆಚ್ಚಿನವರು ಬರುವುದು ಅಲ್ಲಿಗೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಅಲ್ಲಿ ಬಿಟ್ಟರು. ಹೊಸದಾಗಿ ಸಾವು ಕಂಡ ಮನೆಯವರ ಅಳು ಅಲ್ಲಿ ಹತ್ತಿರದಿಂದ ಕೇಳುತ್ತದೆ, ಪುಟ್ಟ ಮಕ್ಕಳಿಗೆ ಅದು ಭಾರ. ವರ್ಷದ ತಿಥಿಗೆ ಮಕ್ಕಳೊಂದಿಗೆ ಬರುವವರಿಗೆ ದ್ವೀಪದ ಪೂರ್ವ ತುದಿಯ ಸಂಗಮ ಅನುಕೂಲ. ಜಾಗ ಅಗಲ, ಗಾಡಿ ನಿಲ್ಲಿಸಲು ಸುಲಭ. ಮಹಾಲಯ ಅಮಾವಾಸ್ಯೆಯ ದಿನವಾದರೆ ಮಾತ್ರ ಎರಡೂ ಕಡೆ ಕಾಲಿಡಲು ಆಗುವುದಿಲ್ಲ.

ಸಂಗಮದ ನೀರು ನೋಡಲು ಶಾಂತ, ಒಳಗೆ ಸೆಳೆತ, ಬಂಡೆಯ ನಡುವೆ ಮಡು. ಫೆಬ್ರವರಿಯಲ್ಲಿ ನೀರು ಇಳಿದು ಮೆಟ್ಟಿಲ ಮೇಲೆ ಪಾಚಿ ಕಟ್ಟಿರುತ್ತದೆ, ಜಾರುವುದು ಅಲ್ಲೇ. ಮಕ್ಕಳ ಸ್ನಾನ ಕೋಣೆಯಲ್ಲೇ ಮುಗಿಸಿ, ಇಲ್ಲಿ ಒಣ ಮೆಟ್ಟಿಲ ಮೇಲೆ ತಂಬಿಗೆಯ ನೀರು ಪ್ರೋಕ್ಷಣೆ ಮಾಡಿದರೆ ಸಾಕು. ಒಬ್ಬ ದೊಡ್ಡವರಿಗೆ ಬೇರೆ ಯಾವ ಕೆಲಸವನ್ನೂ ಹೇಳದೆ ಮಕ್ಕಳನ್ನು ಕಾಯುವುದಕ್ಕೇ ಬಿಡಬೇಕು. ‘ಎಲ್ಲರೂ ನೋಡ್ಕೊಳ್ಳಿ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ತೆಪ್ಪದಲ್ಲಿ ಒಂದು ಸುತ್ತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮಗುವಿನ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ ಬೇಡ.

ಇನ್ನೊಂದು ಮಾತು, ಉಟ್ಟ ಬಟ್ಟೆಯನ್ನು ನದಿಗೆ ಬಿಡಬೇಡಿ. ಬಿಟ್ಟ ಸೀರೆ, ಪಂಚೆ ಬಂಡೆಗೆ ಸಿಕ್ಕಿ ಕೊಳೆಯುತ್ತವೆ, ಈಜುವವರ ಕಾಲಿಗೆ ಸುತ್ತಿಕೊಳ್ಳುತ್ತವೆ. ಬಟ್ಟೆ ಹಿಂಡಿ ವಾಪಸು ತರಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ ಸಾಕು. ಅಮ್ಮ ದಿನಾ ಪೂಜೆಯಲ್ಲಿ ‘ಗಂಗೇ ಚ ಯಮುನೇ’ ಹೇಳುವಾಗ ಕಾವೇರಿಯ ಹೆಸರನ್ನೂ ಹೇಳುತ್ತಿದ್ದವರು. ಅವರ ಹೆಸರಿನಲ್ಲಿ ಕಾವೇರಿಗೆ ಕಸ ಹಾಕುವುದು ಹೇಗೆ?

ತರ್ಪಣಕ್ಕೆ ಬೇಕಾದ ಸಾಮಾನು ಕಡಿಮೆ: ಕರಿ ಎಳ್ಳು 100 ಗ್ರಾಂ, ದರ್ಭೆ ಒಂದು ಕಟ್ಟು, ಪವಿತ್ರ (ಬೆರಳಿಗೆ ಹಾಕುವ ದರ್ಭೆಯ ಉಂಗುರ), ತಾಮ್ರದ ತಂಬಿಗೆ, ಹರಿವಾಣ. ಎಳ್ಳನ್ನು ಹಿಂದಿನ ದಿನವೇ ಆರಿಸಿಟ್ಟುಕೊಳ್ಳಿ, ಅಂಗಡಿಯದರಲ್ಲಿ ಕಲ್ಲಿರುತ್ತದೆ. ಜನಿವಾರ ಬಲಭುಜಕ್ಕೆ ಬದಲಾಯಿಸಿ, ದಕ್ಷಿಣಕ್ಕೆ ಮುಖ ಮಾಡಿ, ಬಲ ಅಂಗೈಯಲ್ಲಿ ಎಳ್ಳಿಟ್ಟು, ನೀರನ್ನು ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಬಿಡಬೇಕು. ದೇವರಿಗೆ ಬಿಡುವ ನೀರು ಬೆರಳ ತುದಿಯಿಂದ, ಪಿತೃಗಳಿಗೆ ಬಿಡುವುದು ಈ ಸಂದಿಯಿಂದ. ಅಂಗೈ ಒಣಗಿದ್ದಾಗ ಎಳ್ಳು ತೆಗೆದುಕೊಂಡರೆ ಒಮ್ಮೆಗೇ ಜಾರಿ ಚೆಲ್ಲುತ್ತದೆ. ಒದ್ದೆ ಕೈಯಲ್ಲಿ ಚಿಟಿಕೆಯಷ್ಟೇ ತೆಗೆದುಕೊಂಡರೆ ಕಾಳು ಅಂಗೈಗೆ ಅಂಟಿ, ಮೇಲೆ ಬಿದ್ದ ನೀರಿನ ಜೊತೆ ನಾಲ್ಕೈದಾಗಿ ಇಳಿಯುತ್ತವೆ. ಕೊನೆಗೂ ಒಂದೆರಡು ರೇಖೆಯ ಸಂದಿಯಲ್ಲಿ ಉಳಿದೇ ಉಳಿಯುತ್ತವೆ. ತಿಥಿಯ ದಿನವೇ ತರ್ಪಣ ಬಿಡುವವರಿದ್ದಾರೆ, ಮರುದಿನ ಬಿಡುವವರೂ ಇದ್ದಾರೆ. ನಿಮ್ಮ ಮನೆಯ ಪದ್ಧತಿಯನ್ನು ಪುರೋಹಿತರಿಗೆ ಮುಂಚೆಯೇ ಹೇಳಿ.

ತಂದೆ ಇರುವ ಮಕ್ಕಳು ತರ್ಪಣ ಬಿಡುವಂತಿಲ್ಲ. ರಂಗೋಲಿ ಹಾಕಿಸೋಣ ಎಂದರೆ ಶ್ರಾದ್ಧದ ಮನೆಯಲ್ಲಿ ಅದೂ ಇಲ್ಲ, ಗಂಟೆ ಬಾರಿಸುವುದೂ ಇಲ್ಲ. ಹಾಗಾದರೆ ಮಕ್ಕಳಿಗೆ ಏನು ಕೆಲಸ? ಇದನ್ನು ಮುಂಚೆಯೇ ಯೋಚಿಸಿಡಬೇಕು. ಐದು ವರ್ಷದವನು ತುಳಸಿ ದಳ ಬಿಡಿಸಿದ. ಎಂಟರ ಹುಡುಗ ಬಾಳೆ ಎಲೆ ತೊಳೆದು, ಒರೆಸಿ, ತುದಿ ಎಡಕ್ಕೆ ಬರುವಂತೆ ಹಾಸಿದ. ಹನ್ನೆರಡರವಳು ಹೆಸರಿನ ಚೀಟಿ ಹಿಡಿದು ಅಪ್ಪನ ಹಿಂದೆ ನಿಂತಳು.

ಅಡುಗೆ ಪುರೋಹಿತರ ಮನೆಯಲ್ಲೇ. ಊರಿನಲ್ಲಿ ಇದಕ್ಕೆ ವ್ಯವಸ್ಥೆ ಸಿಗುತ್ತದೆ, ಹದಿನೈದು ದಿನ ಮುಂಚೆ ಹೇಳಬೇಕು. ಹನ್ನೆರಡು ಜನಕ್ಕೆ ಅಕ್ಕಿ ಒಂದೂಕಾಲು ಕಿಲೋ, ತೊಗರಿಬೇಳೆ 350 ಗ್ರಾಂ, ವಡೆಗೆ ಉದ್ದಿನಬೇಳೆ ಅರ್ಧ ಕಿಲೋ. ಈರುಳ್ಳಿ, ಬೆಳ್ಳುಳ್ಳಿ, ಕೋಸು ಇಲ್ಲ. ಮೆಣಸಿನಕಾಯಿಯ ಬದಲು ಕರಿಮೆಣಸು, ಜೀರಿಗೆ. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಸುವರ್ಣಗೆಡ್ಡೆ ಪಲ್ಯ, ಎಳ್ಳುಂಡೆ, ಪಾಯಸ. ಉದ್ದನ್ನು ಎರಡು ಗಂಟೆಗಿಂತ ಹೆಚ್ಚು ನೆನೆಸಿದರೆ, ರುಬ್ಬುವಾಗ ನೀರು ಜಾಸ್ತಿಯಾದರೆ ವಡೆ ಎಣ್ಣೆ ಕುಡಿಯುತ್ತದೆ. ಪಿಂಡದ ಅನ್ನವನ್ನು ಬೇರೆಯೇ ಮಾಡಿಸಿ, ಅಳತೆಗೆ ಎರಡರಷ್ಟೇ ನೀರಿಟ್ಟು. ಊಟದ ಅನ್ನದಂತೆ ಉದುರಾದರೂ ಕಷ್ಟ, ಗಂಜಿಯಾದರೂ ಕಷ್ಟ. ಆರಿದ ಅನ್ನಕ್ಕೆ ಎಳ್ಳು, ತುಪ್ಪ, ಜೇನು ಸೇರಿಸಿ ಹಿಸುಕಿದರೆ ಬಿರುಕಿಲ್ಲದ ಉಂಡೆ ಬರುತ್ತದೆ. ಮೆಣಸಿನ ಖಾರ ಮಕ್ಕಳಿಗೆ ಆಗುವುದಿಲ್ಲ, ಒಂದು ಡಬ್ಬಿ ಮೊಸರನ್ನ ಜೊತೆಗಿರಲಿ.

ಕಾಗೆಗೆ ಅನ್ನ ಇಡುವುದು ಮಕ್ಕಳು ಬಹಳ ಕಾದ ಗಳಿಗೆ. ಕಾಗೆ ಬಾರದಿದ್ದರೆ ‘ಅಜ್ಜಿಗೆ ಏನೋ ಬೇಸರ’ ಎಂದು ದೊಡ್ಡವರು ಆಡುವ ಮಾತು ಮಕ್ಕಳ ಮನಸ್ಸಿಗೆ ನಾಟುತ್ತದೆ, ಅದನ್ನು ಆಡಬಾರದು. ಸಾಮಾನ್ಯವಾಗಿ ಕಾಗೆ ಬಾರದಿರುವುದು ಜನ ಸುತ್ತ ಗುಂಪುಗೂಡಿರುವುದರಿಂದ. ನೆಲದ ಮೇಲೆ ಇಟ್ಟರೆ ನಾಯಿ ಬರುತ್ತದೆ. ಸೊಂಟದೆತ್ತರದ ಗೋಡೆಯ ಮೇಲೆ ಎಲೆ ಇಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಬಂದು, ಕೈ ಆಡಿಸದೆ ನಿಂತರೆ ಕಾಗೆ ಬರುತ್ತದೆ. ಬಂತು.

ಊಟ ಮುಗಿಸಿ ಮೂರೂವರೆಗೆ ಎಲ್ಲರೂ ಮಲಗಿದೆವು. ಆ ಸಂಜೆಗೆ ಬೇರೆ ಯಾವ ಜಾಗವನ್ನೂ ಇಟ್ಟುಕೊಳ್ಳಬಾರದು. ಗುಂಬಜ್, ದರಿಯಾ ದೌಲತ್ ಎಲ್ಲ ಇನ್ನೊಮ್ಮೆ ಬಂದರೂ ಅಲ್ಲೇ ಇರುತ್ತವೆ.

ರಾತ್ರಿ ಒಂದು ಗಂಟೆ ಅಮ್ಮನ ಫೋಟೋ ಹರಡಿಕೊಂಡು ಕೂತೆವು. ಹತ್ತು ಹನ್ನೆರಡು ಫೋಟೋ ಸಾಕು, ಆಲ್ಬಮ್ ಪೂರ್ತಿ ತೆರೆದರೆ ಯಾವುದೂ ನಿಲ್ಲುವುದಿಲ್ಲ. ಪ್ರಶ್ನೆ ಚಿಕ್ಕದಾಗಿರಬೇಕು. ‘ಅಜ್ಜಿ ಹೇಗಿದ್ದಳು?’ ಎಂದರೆ ‘ಒಳ್ಳೆಯವಳು ಕಣೋ’ ಎಂಬಲ್ಲಿಗೆ ನಿಲ್ಲುತ್ತದೆ. ‘ಸ್ಕೂಲಿಗೆ ಎಷ್ಟು ದೂರ ನಡೀತಿದ್ರಿ? ಬುತ್ತಿಗೆ ಏನು ಕಟ್ತಿದ್ರು? ಮಳೆ ಬಂದ್ರೆ ಎಲ್ಲಿ ನಿಲ್ತಿದ್ರಿ?’ ಎಂದು ಕೇಳಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಮೆತ್ತಗೆ ಬರೆಯಿರಿ. ಪೆನ್ನಿನ ಶಾಯಿ ಕಾಲಾಂತರದಲ್ಲಿ ಮುಂಭಾಗಕ್ಕೆ ಇಳಿಯುತ್ತದೆ.

ಆಮೇಲೆ ಧ್ವನಿ. ವಾಟ್ಸ್ಆ್ಯಪ್‌ನಲ್ಲಿ ಅಮ್ಮ ಕಳಿಸಿದ್ದ ಧ್ವನಿ ಸಂದೇಶಗಳು ನಮ್ಮ ಫೋನಿನಲ್ಲಿ ಇರುವವರೆಗೆ ಮಾತ್ರ ಇರುತ್ತವೆ. ಬ್ಯಾಕಪ್ ಇಲ್ಲದೆ ಫೋನ್ ಬದಲಾಯಿಸಿದ ದಿನ ಹೋಗುತ್ತವೆ. ಸಂದೇಶವನ್ನು ಒತ್ತಿ ಹಿಡಿದು, ಹಂಚಿಕೊಳ್ಳುವ ಗುರುತು ಮುಟ್ಟಿ, ಡ್ರೈವ್‌ಗೋ ಇಮೇಲ್‌ಗೋ ಕಳಿಸಿ, ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಡಿ. ಫೈಲಿಗೆ ತಿಂಗಳು, ವಿಷಯ ಸೇರಿಸಿ ಹೆಸರು ಕೊಡಿ, ‘ಆಗಸ್ಟ್ 2023, ಹಬ್ಬಕ್ಕೆ ಬನ್ನಿ’ ಎಂಬಂತೆ. ಮಕ್ಕಳಿಗೆ ಕೇಳಿಸುವಾಗ ಮೊದಲು ಒಂದೇ ಒಂದು, ಅದೂ ಅವರು ಕೇಳಿದರೆ. ಕೆಲವು ಮಕ್ಕಳು ನಗುತ್ತಾರೆ, ಕೆಲವರು ಎದ್ದು ಹೊರಗೆ ಹೋಗುತ್ತಾರೆ, ಎರಡೂ ಸರಿಯೇ.

ಮೂರನೆಯ ದಿನ, ಶನಿವಾರ

ರಂಗನತಿಟ್ಟು ಇಲ್ಲಿಂದ ಹತ್ತಿರ, ಆದರೆ ಶನಿವಾರ ದೋಣಿಗೆ ಸಾಲು ಉದ್ದ. ಹಕ್ಕಿಗಳಿಗೆ ಕೊಕ್ಕರೆಬೆಳ್ಳೂರು ಇಟ್ಟುಕೊಂಡು ಬೆಳಗ್ಗೆ ಏಳೂವರೆಗೆ ಪಾಂಡವಪುರ, ಜಕ್ಕನಹಳ್ಳಿ ದಾರಿಯಲ್ಲಿ ಮೇಲುಕೋಟೆಗೆ ಹೊರಟೆವು.

ಮೊದಲು ಬೆಟ್ಟ, ಆಮೇಲೆ ಚೆಲುವನಾರಾಯಣ. ಹಿಂದುಮುಂದು ಮಾಡಿದರೆ ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಯೋಗಾನರಸಿಂಹನ ಮೆಟ್ಟಿಲು ಹತ್ತಬೇಕಾಗುತ್ತದೆ, ಫೆಬ್ರವರಿಯಲ್ಲೂ ಹನ್ನೊಂದಕ್ಕೆ ಕಲ್ಲು ಸುಡುತ್ತದೆ. ಮಕ್ಕಳ ಕಾಲಿಗೆ ಹಳೆಯ ಕಾಲುಚೀಲ ಇರಲಿ. ಕೈಯಲ್ಲಿ ಚೀಲ, ಬಾಳೆಹಣ್ಣು ಕಂಡರೆ ಕೋತಿ ಕಸಿಯುತ್ತದೆ, ಎಲ್ಲ ಕಾರಿನಲ್ಲೇ ಬಿಡಿ, ನೀರಿನ ಬಾಟಲು ಬೆನ್ನುಚೀಲದ ಒಳಗೆ. ದೊಡ್ಡ ದೇವಸ್ಥಾನದ ಬಾಗಿಲು ಮಧ್ಯಾಹ್ನ ಒಂದರ ಹೊತ್ತಿಗೆ ಹಾಕುತ್ತಾರೆ. ಬೆಟ್ಟ ಹತ್ತಲಾಗದ ಚಿಕ್ಕಜ್ಜಿ ಅಕ್ಕನ ಜೊತೆ ಕಲ್ಯಾಣಿಯ ಮಂಟಪದ ನೆರಳಿನಲ್ಲಿ ಕೂತರು. ಅಲ್ಲಿ ನೆರಳು ಹತ್ತೂವರೆಯವರೆಗೂ ಇರುತ್ತದೆ.

ಮೇಲುಕೋಟೆ ಎಂದರೆ ಪುಳಿಯೋಗರೆ. ಅಮ್ಮನಿಗೂ ಅದೇ ಇಷ್ಟ. ತಿಂದು ಬರುವುದರ ಜೊತೆಗೆ ಗೊಜ್ಜು ಕೊಂಡು ತಂದು, ಮನೆಯಲ್ಲಿ ಮಕ್ಕಳ ಕೈಯಲ್ಲೇ ಕಲಸಿಸಿ. ಒಂದು ಪಾವು ಅಕ್ಕಿಯ ಅನ್ನಕ್ಕೆ ಗೊಜ್ಜು ಮೂರು ದೊಡ್ಡ ಚಮಚದಿಂದ ಶುರುಮಾಡಿ, ರುಚಿ ನೋಡಿ ಹೆಚ್ಚಿಸಿ. ಅನ್ನ ಪೂರ್ತಿ ಆರಿರಬೇಕು, ಮೊದಲು ಎಳ್ಳೆಣ್ಣೆ ಸವರಬೇಕು. ಬಿಸಿ ಅನ್ನಕ್ಕೆ ಹಾಕಿದರೆ ಮುದ್ದೆಯಾಗುತ್ತದೆ, ಬೇಗ ಹಳಸುತ್ತದೆ. ಹುರಿದ ಕರಿ ಎಳ್ಳಿನ ಪುಡಿ ಕೊನೆಗೆ. ಕಲಸಿ ಎರಡು ಗಂಟೆ ಬಿಟ್ಟ ಮೇಲೆಯೇ ಹುಳಿ ಒಳಗಿಳಿಯುವುದು, ಅವಸರ ಮಾಡಬಾರದು.

ಅರ್ಧಕ್ಕೇ ನಿಂತ ರಾಯಗೋಪುರದ ಕಂಬಗಳ ಕೆಳಗೆ ಮಕ್ಕಳು ಓಡಾಡಿದ ಮೇಲೆ ಒಂದೂವರೆಗೆ ಮಂಡ್ಯದ ಕಡೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ನಾಲ್ಕಕ್ಕೆ. ಇಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ, ಡಿಸೆಂಬರಿನಿಂದ ಜೂನ್‌ವರೆಗೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಊರವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಅಮ್ಮನ ತವರೂ ಮದ್ದೂರಿನ ಸೀಮೆಯೇ. ದಾರಿಯಲ್ಲಿ ಈ ಊರನ್ನು ಬಿಡಕೂಡದು ಎಂದು ಪಟ್ಟು ಹಿಡಿದವಳು ಅಕ್ಕ.

ಟಿಕೆಟ್ಟು, ದೋಣಿ, ಬೇಲಿ ಏನೂ ಇಲ್ಲ, ಇದು ಜನ ಬಾಳುವ ಊರು. ಕಾರನ್ನು ಊರಾಚೆಯೇ ನಿಲ್ಲಿಸಿ ನಡೆಯಿರಿ, ಹಾರನ್ ಬೇಡ, ಮನೆಯಂಗಳಕ್ಕೆ ಕಾಲಿಡುವ ಮುಂಚೆ ಕೇಳಿ. ಮರದ ನೇರ ಕೆಳಗೆ ನಿಲ್ಲಬೇಡಿ, ಹಿಕ್ಕೆ ಬೀಳುತ್ತದೆ. ಮಕ್ಕಳಿಗೆ ಟೋಪಿ ಹಾಕಿ. ಆ ಹಿಕ್ಕೆಯೇ ಊರವರಿಗೆ ಗೊಬ್ಬರ. ಬರಿಗಣ್ಣಿಗೇ ಹಕ್ಕಿ ಕಾಣುತ್ತದೆ, ಆದರೆ ಮರಿ ತಾಯಿಯ ಗಂಟಲ ಚೀಲದೊಳಗೆ ತಲೆ ತೂರಿಸಿ ಮೀನು ತೆಗೆಯುವುದನ್ನು ನೋಡಲು 8x ದುರ್ಬೀನು ಬೇಕು. ಮಕ್ಕಳ ಕೈಗೆ 10x ಕೊಟ್ಟರೆ ನಡುಗಿ ಏನೂ ಕಾಣದು. ಹೆಜ್ಜಾರ್ಲೆಯ ಗಂಟಲ ಚೀಲ ಅಗಲ, ಮೈ ಬೂದು ಬಿಳುಪು. ಬಣ್ಣದ ಕೊಕ್ಕರೆಯ ಕೊಕ್ಕು ಹಳದಿ, ಬಾಲದ ಬುಡದಲ್ಲಿ ಗುಲಾಬಿ. ಇಷ್ಟು ಹೇಳಿಕೊಟ್ಟರೆ ಐದು ವರ್ಷದವರೂ ಬೇರ್ಪಡಿಸುತ್ತಾರೆ.

ಗೂಡಿನಿಂದ ಬಿದ್ದ ಮರಿ ಕಣ್ಣಿಗೆ ಬೀಳಬಹುದು. ಮುಟ್ಟದೆ ಊರವರಿಗೆ ಹೇಳಿ. ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುವ ಹೆಜ್ಜಾರ್ಲೆ ಬಳಗ ಎಂಬ ಊರ ಯುವಕರ ಗುಂಪೊಂದಿದೆ. ಸತ್ತ ಮರಿಯನ್ನು ಕಂಡು ಮಕ್ಕಳು ಪ್ರಶ್ನೆ ಕೇಳಿದರೆ ಗುರುವಾರ ರಾತ್ರಿ ಹೇಳಿದಷ್ಟೇ ನೇರವಾಗಿ ಉತ್ತರ ಹೇಳಬೇಕು.

ಸಂಜೆ ಐದೂಮುಕ್ಕಾಲಿಗೆ ಅಲ್ಲಿಂದ ಬಿಟ್ಟರೆ ಕತ್ತಲಾಗುವ ಮುಂಚೆ ಹೆದ್ದಾರಿ ಸೇರಬಹುದು. ವಾಪಸು ಬರುವಾಗ ಎಕ್ಸ್‌ಪ್ರೆಸ್‌ವೇಯೇ ಸರಿ, ಮಕ್ಕಳು ಹೇಗೂ ನಿದ್ದೆ ಹೋಗಿರುತ್ತಾರೆ. ಹತ್ತುವ ಮುಂಚೆ ಮದ್ದೂರಿನಲ್ಲೇ ಊಟ, ಶೌಚ ಎರಡನ್ನೂ ಮುಗಿಸಿಕೊಳ್ಳಿ.

ಮುಂದಿನ ವರ್ಷಕ್ಕೆ ರಜೆ ಗುರುತು ಹಾಕುವವರು ಒಂದನ್ನು ಗಮನಿಸಬೇಕು. ತಿಥಿ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ, ನಡುವೆ ಅಧಿಕ ಮಾಸ ಬಂದರೆ ಮುಂದಕ್ಕೆ ಹೋಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರ ಮಾಘ ಬಹುಳ ಪಂಚಮಿ ಫೆಬ್ರವರಿಯ ಕೊನೆಯ ವಾರಕ್ಕೆ ಬೀಳುತ್ತದೆ. ಅದು ಪರೀಕ್ಷೆಯ ಹೊತ್ತು, ಆದ್ದರಿಂದ ಶಾಲೆಯ ವೇಳಾಪಟ್ಟಿ ಬಂದ ಕೂಡಲೇ ಪುರೋಹಿತರಿಗೂ ಅಕ್ಕನ ಮನೆಗೂ ದಿನ ತಿಳಿಸಿಬಿಡಬೇಕು.